ರುಮಾಲಿನ ತುದಿ

"ಇದನ್ನ ಇಟಗೊಂಡು ಹೋದ್ರ ನಾಟಕದಾಗಿನ ರಾಜಾ ಬಂದಾ ಅಂತಾರ. ನಾ ಹೆಣ್ಣಿನ ಅಪ್ಪ ಅದೇನಿ!"

ಮಗ ದುರ್ಗದಬೈಲಿನ ಪೇಟೆಯಿಂದ ತಂದಿಟ್ಟಿದ್ದ ಹೊಲಿದ ರುಮಾಲನ್ನು ಲಕ್ಕಪ್ಪ ಎಡಗೈಯಿಂದ ಆಚೆ ತಳ್ಳಿದ. ಟೋಪಿಯ ಹಾಗೆ ತಲೆಗಿಟ್ಟರೆ ಮುಗಿಯುವ ಜರಿಯ ರುಮಾಲು ಅದು. ಬಾಗಿಲ ಬಳಿ ನಿಂತಿದ್ದ ಸೊಸೆ ಗೀತಾಂಜಲಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಗಡಿಯಾರ ನೋಡಿದಳು.

ಬೈರಿದೇವರಕೊಪ್ಪದ ಕಲ್ಯಾಣ ಮಂಟಪದಲ್ಲಿ ಅಂದು ಲಕ್ಕಪ್ಪನ ಕಿರಿಮಗಳ ನಿಶ್ಚಯ. ಹೆಂಡತಿ ಹನುಮವ್ವ, ಮಗ ವಿನೋದ ಹುಡುಗಿಯನ್ನು ಕರೆದುಕೊಂಡು ಆಗಲೇ ಹೋಗಿದ್ದರು. ವೀಳ್ಯ ಬದಲಿಸಬೇಕಾದ ಯಜಮಾನ ಮಾತ್ರ ಹೊಸ ಅಂಗಿ ತೊಟ್ಟು ಮಂಚ ಬಿಟ್ಟು ಏಳದೆ ಕೂತಿದ್ದ. ದೀಪಾವಳಿ ಹೊತ್ತಿಗೆ ಮಾರುಕಟ್ಟೆಯಲ್ಲಿ ತನ್ನ ಅಂಗಡಿಯ ಮುಂದೆ ಜಾರಿಬಿದ್ದು ಬಲಭುಜ ಮುರಿದಂದಿನಿಂದ ಅವನ ಕೈ ಕಿವಿಗಿಂತ ಮೇಲೆ ಏಳುತ್ತಿರಲಿಲ್ಲ. ಕೈ ಏಳದೆ ರುಮಾಲಿಲ್ಲ, ರುಮಾಲಿಲ್ಲದೆ ಲಕ್ಕಪ್ಪ ಹೊಸ್ತಿಲು ದಾಟುವವನಲ್ಲ. ಬರಿತಲೆಯಲ್ಲಿ ಹೋಗುವುದು ಸಾವಿನ ಮನೆಗೆ ಎಂದು ಅವನ ಹಟ. ಪಕ್ಕದ ಅಂಗಡಿಯ ಗೆಳೆಯ ಮುಕ್ತಾರ ಬಂದು ಸುತ್ತಿಕೊಡುವವನಿದ್ದ. ಅವನ ಬಸ್ಸು ಕಲಘಟಗಿ ದಾರಿಯಲ್ಲಿ ಕೆಟ್ಟು ನಿಂತಿದೆಯೆಂದು ಈಗಷ್ಟೇ ಫೋನು ಬಂದಿತ್ತು.

"ನೀ ಹೋಗಿಬಿಡ ಯವ್ವಾ. ನನಗ ಆರಾಮಿಲ್ಲಂತ ಬೀಗರಿಗೆ ಹೇಳು," ಎಂದ. ದನಿ ಗಟ್ಟಿಯಾಗಿಯೇ ಇತ್ತು. ಕಣ್ಣು ಮಾತ್ರ ಗೂಟದ ಮೇಲಿನ ಹಳೆಯ ಕೆಂಪು ರುಮಾಲನ್ನು ಬಿಟ್ಟಿರಲಿಲ್ಲ.

ಆ ರುಮಾಲು ಮಾಡದ ಕೆಲಸವಿಲ್ಲ. ಮೆಣಸಿನಕಾಯಿ ಗಂಟು ಕಟ್ಟಿದೆ, ಚಕ್ಕಡಿಯ ಕೆಳಗೆ ತಲೆದಿಂಬಾಗಿದೆ, ಹಗ್ಗ ಸಾಲದ ಬಾವಿಯಲ್ಲಿ ಹಗ್ಗಕ್ಕೆ ಗಂಟು ಬಿದ್ದು ನೀರು ಸೇದಿದೆ. ವಿನೋದ ಕೂಸಾಗಿದ್ದಾಗ ಹೊಲದಲ್ಲಿ ಅವನ ಜೋಲಿ ತೊಟ್ಟಿಲೂ ಅದೇ. ಗೀತಾಂಜಲಿಯ ಹಳದಿ ಸ್ಕಾರ್ಫಿಗೆ ಮಾತ್ರ ಈ ಮನೆಯಲ್ಲಿ ಒಂದೇ ಕೆಲಸ. ವಿದ್ಯಾನಗರದ ದವಾಖಾನೆಯ ನೌಕರಿಗೆ ಸ್ಕೂಟಿಯಲ್ಲೇ ಹೋಗುತ್ತೇನೆಂದು ಅವಳು ಪಟ್ಟು ಹಿಡಿದಾಗ ಮಾವ ಹಾಕಿದ ಕರಾರು ಅದು. "ಹೋಗು. ಆದ್ರ ಮಾರಿ ಕಟಗೊಂಡು ಹೋಗು. ಲಕ್ಕಪ್ಪನ ಸೊಸಿ ಗಾಡಿ ಹೊಡಿತಾಳಂತ ಮಂದಿ ಆಡಕೋಬಾರದು." ಧೂಳಿಗೆ ಒಳ್ಳೆಯದೇ ಬಿಡು ಎಂದು ಅವಳು ದಿನಾ ಮುಖಕ್ಕೆ ಕಟ್ಟಿಕೊಂಡಳು, ದಿನಾ ಒಳಗೊಳಗೇ ಉರಿದಳು ಕೂಡ.

ಗೀತಾಂಜಲಿ ಕೆಂಪು ರುಮಾಲನ್ನು ಗೂಟದಿಂದ ಇಳಿಸಿದಳು.

"ನಾ ಸುತ್ತತೇನ್ರಿ ಮಾವಾರ."

ಲಕ್ಕಪ್ಪ ಹೌಹಾರಿದ. ಮಾವನೆದುರು ಸೊಸೆ ಕೂರುವುದೇ ಇಲ್ಲದ ಮನೆ, ಇನ್ನು ತಲೆ ಮುಟ್ಟುವ ಮಾತೆಲ್ಲಿ ಬಂತು! "ಹುಚ್ಚು ಹಿಡದೈತೇನ ನಿನಗ? ಹೆಣಮಕ್ಕಳು ರುಮಾಲ ಸುತ್ತತಾರೇನ?"

"ಎಷ್ಟ ದಿನ ನಿಮ್ಮ ಬೆನ್ನ ಹಿಂದ ನಿಂತು ನೋಡೇನ್ರಿ. ಅಡಗಿಮನ್ಯಾಗ ಕೊಡಾ ಬೋರಲ ಹಾಕಿ ರೂಢಿನೂ ಮಾಡೇನಿ. ಅಲ್ಲಿ ಆ ಹುಡುಗಿ, ಅಪ್ಪ ಯಾವಾಗ ಬರ್ತಾನಂತ ಬಾಗಲಾ ನೋಡಾಕತ್ತಿರ್ತಾಳ. ನಿಮ್ಮನ್ನ ಬಿಟ್ಟು ನಾ ಹೋಗಂಗಿಲ್ರಿ."

ಉತ್ತರಕ್ಕೆ ಕಾಯದೆ ಮಂಚದ ಹಿಂದೆ ಹೋಗಿ ಸುತ್ತತೊಡಗಿದಳು. ರುಮಾಲು ಜಾರಿ ಮಾವನ ಕಣ್ಣನ್ನೇ ಮುಚ್ಚಿತು.

"ಕೊಡಕ್ಕ ಕಿವಿ ಇರ್ತಾವೇನ? ಕಿವಿ ಮ್ಯಾಲ ಹಿಡಿ!" ಬಟ್ಟೆಯೊಳಗಿಂದಲೇ ಲಕ್ಕಪ್ಪ ಗದರಿದ.

ಬಿಚ್ಚಿ ಮತ್ತೆ ಸುತ್ತಿದಳು. ಈ ಸಲ ಮಡಿಕೆಗಳು ಒಂದೊಂದಾಗಿ ಸಡಿಲಿದವು. ಹಿಂದೆ ನಿಂತು ಕಲಿತವಳು ಮುಂದಿನದನ್ನು ಹೇಗೆ ಕಂಡಾಳು? ಸುತ್ತುವಾಗ ರುಮಾಲಿನ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಬಿಗಿ ಹಿಡಿಯಬೇಕು. ಲಕ್ಕಪ್ಪನಿಗೆ ಅದು ಗೊತ್ತು. ಹೇಳದೆ ಕೂತಿದ್ದ. ಹೇಳದಿದ್ದರೆ ಅವಳೇ ಸೋತು ಹೋಗುತ್ತಾಳೆ, ತಾನು ಮನೆಯಲ್ಲೇ ಉಳಿಯಬಹುದು.

ಅವಳು ಮತ್ತೆ ಬಿಚ್ಚಿದಳು. ಮೂಗು ಒರೆಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದಳು.

ಲಕ್ಕಪ್ಪ ಮಡಿಲಲ್ಲಿ ಬಿದ್ದಿದ್ದ ತುದಿಯನ್ನು ಎಡಗೈಯಿಂದ ತಡಕಿ ಬಾಯಿಗಿಟ್ಟು ಕಚ್ಚಿ ಹಿಡಿದ. ಇನ್ನು ಬೈಯುವ ಹಾಗೂ ಇರಲಿಲ್ಲ. ರುಮಾಲು ಬಿಗಿಯಾಗಿ, ಸುತ್ತಿನ ಮೇಲೆ ಸುತ್ತು ಕೂಡುತ್ತ ಹೋಯಿತು. ಗೀತಾಂಜಲಿ ಕನ್ನಡಿ ತಂದು ಹಿಡಿದಳು.

"ಸ್ವಲ್ಪ ಬಲಕ್ಕ ವಾಲೇತಿ," ಎಂದ ತುದಿ ಬಿಟ್ಟು. "ಇರಲಿ, ನಡಿ. ಹೊತ್ತಾತು."

ಹೊರಗೆ ಗಾಳಿ ಜೋರಾಗಿತ್ತು. ಅವಳು ಕೊರಳಲ್ಲಿದ್ದ ಹಳದಿ ಸ್ಕಾರ್ಫು ತೆಗೆದು, "ಗಾಡಿ ಮ್ಯಾಲ ರುಮಾಲ ಹಾರಿ ಹೋಗತೈತ್ರಿ. ಇದನ್ನ ಅದರ ಮ್ಯಾಲ ಕಟ್ಟತೇನ್ರಿ," ಎಂದಳು.

"ಮತ್ತ ನಿನ್ನ ಮಾರಿಗ?"

"ಇರೂದ ಇದೊಂದ ಐತ್ರಿ."

ಲಕ್ಕಪ್ಪ ಓಣಿಯ ಕಡೆ ಒಮ್ಮೆ ನೋಡಿದ. ಆಮೇಲೆ ಗದ್ದ ಮುಂದೆ ಚಾಚಿದ. ಅವಳು ಗಂಟು ಹಾಕಿದಳು.

ಉಣಕಲ್ಲಿನ ಸಿಗ್ನಲ್ಲಿನಲ್ಲಿ ಸ್ಕೂಟಿಯ ಪಕ್ಕಕ್ಕೆ ಬಂದು ನಿಂತ ಆಟೋದಿಂದ ಮಾರುಕಟ್ಟೆಯ ಗುಲ್ಜಾರಬಿ ಇಣುಕಿ ನೋಡಿದಳು. ಗೀತಾಂಜಲಿಯ ಕೈ ರೂಢಿಯಂತೆ ಕೊರಳಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

"ನನ್ನ ಸೊಸಿ," ಎಂದ ಹಿಂದೆ ಕೂತಿದ್ದ ಲಕ್ಕಪ್ಪ, ಗುಲ್ಜಾರಬಿ ಕೇಳುವ ಮೊದಲೇ.

ಹಸಿರು ದೀಪ ಬಿತ್ತು. ಮಾವನ ಗದ್ದದ ಕೆಳಗಿನ ಹಳದಿ ತುದಿ ಹಿಂದಿನಿಂದ ಬೀಸುವ ಗಾಳಿಗೆ ಹಾರಿ ಬಂದು ಗೀತಾಂಜಲಿಯ ಹೆಗಲಿಗೆ ತಾಗುತ್ತಿತ್ತು.