ನಿಲ್ಲದೆ ನಲವತ್ತು ಸುತ್ತು

ಹದಿನೇಳನೆಯ ಸುತ್ತು ಮುಗಿಸಿ ಸವ್ರಿನಿಸೊ ಇನ್ನೊಂದು ಏಪ್ರಿಕಾಟ್ ಬೀಜವನ್ನು ಎಡಜೇಬಿನಿಂದ ಬಲಜೇಬಿಗೆ ಹಾಕಿದಳು. ಅಂಗಳದ ಮರವನ್ನು ನಿಲ್ಲದೆ ನಲವತ್ತು ಸಲ ಸುತ್ತಬೇಕು. ನಿಂತರೆ ಮತ್ತೆ ಒಂದರಿಂದ. ಸೌದೆ ತರಲು ಹೋಗಿ ನೆಲಬಾಂಬಿಗೆ ಒಂದು ಕಾಲನ್ನು ಮೊಣಕಾಲಿನ ಕೆಳಗಿನಿಂದ ಕೊಟ್ಟು ಬಂದು ಎರಡು ವರ್ಷವಾಗಿತ್ತು. ಕೃತಕ ಕಾಲು ಜೋಡಿಸಿದ ದುಶಾಂಬೆ ನಗರದ ಆಸ್ಪತ್ರೆಯ ಹುಡುಗಿ ಹೇಳಿ ಕಳಿಸಿದ್ದಳು: "ಬರೀ ಕಾಲಲ್ಲ ಅಮ್ಮ, ಉಸಿರೂ ಗಟ್ಟಿಯಾಗ್ಬೇಕು. ಮಾತಾಡೋಕಾಗ್ಬೇಕು, ಹಾಡೋಕಾಗ್ಬಾರ್ದು, ಅಷ್ಟು ಬಿರುಸಾಗಿ ನಡೀರಿ."

ಮೊದಲು ಓಣಿಯಲ್ಲಿ ನಡೆಯುತ್ತಿದ್ದಳು. ಪ್ರತಿ ಬಾಗಿಲಿನಿಂದಲೂ ಚಹಾಕ್ಕೆ ಕರೆ. ಕರೆದವರ ಮನೆಯ ರೊಟ್ಟಿ ಮುರಿಯದೆ ಮುಂದೆ ಹೋಗುವುದುಂಟೆ? ತಿಂಗಳಲ್ಲಿ ನಡೆದದ್ದಕ್ಕಿಂತ ಕುಡಿದದ್ದೇ ಹೆಚ್ಚಾಗಿ, ಕೊನೆಗೆ ಅಂಗಳ ಸೇರಿದಳು.

ಇನ್ನು ಹತ್ತು ದಿನಕ್ಕೆ ಊರ ಹೆಂಗಸರು ದನಗಳೊಂದಿಗೆ ಬೆಟ್ಟದ ಹುಲ್ಲುಗಾವಲಿಗೆ ಹೊರಡುತ್ತಾರೆ. ಮೂರು ಗಂಟೆಯ ಏರು. ಮದುವೆಯಾಗಿ ಬಂದಾಗಿನಿಂದ ಅವಳು ತಪ್ಪಿಸಿದ್ದು ಕಳೆದೆರಡು ಬೇಸಿಗೆ ಮಾತ್ರ. ಈ ಸಲವೂ ಅವಳ ಹೆಸರನ್ನು ಯಾರೂ ಎತ್ತಿಲ್ಲ. ಅವಳ ಹಾಲಿನ ಬಕೆಟ್ಟು ಆಗಲೇ ಸೊಸೆಯ ಗಂಟಿನ ಪಕ್ಕ ಕೂತಿದೆ.

ಮೊಂಡುಗಾಲಿಗೆ ಹಾಕಿದ ಉಣ್ಣೆಚೀಲ ಬೆವರಿಗೆ ಒದ್ದೆಯಾಗಿತ್ತು. ಸೊಂಟ ನೋಯುತ್ತಿತ್ತು. ಇಪ್ಪತ್ತಾರನೆಯ ಸುತ್ತಿಗೆ ಪಕ್ಕದ ಮನೆಯ ಜೈನುರಾ ಬೀಬಿ ಚಹಾ ಹಿಡಿದು ಒಳಗೇ ಬಂದಳು.

"ಬಾರೇ, ಕೂತ್ಕೋ. ಗಾಣದೆತ್ತಿನ ಹಾಗೆ ಎಷ್ಟು ಸುತ್ತೀಯ?"

ಸವ್ರಿನಿಸೊ ನಿನ್ನೆ ಇದೇ ಮಾತಿಗೆ ನಿಂತುಬಿಟ್ಟಿದ್ದಳು. ಮೊನ್ನೆಯೂ.

"ನಿಲ್ಲೋ ಹಾಗಿಲ್ಲ ಬೀಬಿ. ತಪ್ಪು ತಿಳೀಬೇಡಿ."

"ಮನೆಗೆ ಬಂದೋಳನ್ನ ನಿಲ್ಲಿಸಿ ಬೆನ್ನು ತೋರಿಸ್ತೀಯಾ? ನಿಮ್ಮಮ್ಮ ಇದನ್ನೇ ಕಲಿಸಿದ್ಲಾ?"

ಸವ್ರಿನಿಸೊಳ ಮುಖ ಕಾವೇರಿತು, ಕಾಲು ನಿಲ್ಲಲಿಲ್ಲ. ಮುದುಕಿ ಬಿಡುವವಳಲ್ಲ. ಬಟ್ಟಲು ಹಿಡಿದೇ ಹಿಂದೆ ಹೊರಟಳು, ಬೈಯುತ್ತ, ಚಹಾ ಚೆಲ್ಲುತ್ತ. ಮುದುಕಿಯ ಆರನೆಯ ಸುತ್ತಿಗೆ ಬೈಗುಳ ತುಂಡಾಯಿತು. ಎಂಟಕ್ಕೆ ಮರಕ್ಕೊರಗಿ ಕುಸಿದಳು.

"ಸಾಕಮ್ಮ ತಾಯಿ. ವರ್ಷಾವರ್ಷ ಬೆಟ್ಟ ಹತ್ತೋಳು ನಾನು, ನನ್ನುಸಿರೇ ನಿಂತುಹೋಯ್ತು. ನಿಂದು ಬಾಡಿಗೆ ಕಾಲು, ಅದಕ್ಕೆ ಸುಸ್ತಿಲ್ಲ ಬಿಡು."

ಅದಕ್ಕಿಲ್ಲದ ಸುಸ್ತೆಲ್ಲ ತನಗಿತ್ತು. ಸವ್ರಿನಿಸೊ ನಕ್ಕು ಮುಂದೆ ನಡೆದಳು. ಕೊನೆಯ ಬೀಜ ಬಲಜೇಬಿಗೆ ಬಿದ್ದ ಮೇಲೆಯೇ ಕೂತು, ಬಟ್ಟಲಲ್ಲಿ ಉಳಿದಿದ್ದ ತಣ್ಣನೆಯ ಚಹಾ ಕುಡಿದಳು.

ಸಂಜೆ ಸೊಸೆ ಹಿಟ್ಟು ನಾದುತ್ತ ಕೇಳಿದಳು, "ಅತ್ತೆ, ಬಕೆಟ್ಟೆಲ್ಲಿ?"

"ತೊಳೆಯೋದಿತ್ತು," ಎಂದಳು. ಬಕೆಟ್ಟು ಅವಳ ಹಾಸಿಗೆಯ ತಲೆದೆಸೆಯಲ್ಲಿತ್ತು, ಒಳಗೆ ಮೊಂಡುಗಾಲಿನ ನಾಲ್ಕು ಒಣ ಉಣ್ಣೆಚೀಲ.