ಮೂರನೇ ಸಲ ಸಿಕ್ಕ ಹುಳು

ತಪ್ಪು ನನ್ನದೇ. ಹೊಸ ಜೀವಂತ ಹವಳವನ್ನು ಮೀನು ಸಾಕುವ ಗಾಜಿನ ತೊಟ್ಟಿಗೆ ಇಳಿಸುವ ಮುಂಚೆ ಔಷಧಿ ನೀರಿನಲ್ಲಿ ಹತ್ತು ನಿಮಿಷ ಅದ್ದಿಡಿ ಎಂದು ಮೀನಿನಂಗಡಿಯವನು ಹೇಳಿದ್ದ. ಹತ್ತು ನಿಮಿಷ ಕಾಯುವ ತಾಳ್ಮೆ ನನಗಿದ್ದಿದ್ದರೆ ನನ್ನ ಹೆಂಡತಿ ಇಷ್ಟು ಹೊತ್ತಿಗೆ ನನ್ನನ್ನು ಮನುಷ್ಯರ ಲೆಕ್ಕಕ್ಕೆ ಸೇರಿಸಿರುತ್ತಿದ್ದಳು. ಸೀದಾ ತಂದು ಕಲ್ಲಿನ ಮೇಲೆ ಕೂರಿಸಿದೆ. ತಿಂಗಳು ಕಳೆಯುವಷ್ಟರಲ್ಲಿ ನಡುಮನೆಯ ಉಪ್ಪುನೀರಿನ ತೊಟ್ಟಿಯ ತುಂಬ ತುಕ್ಕಿನ ಬಣ್ಣದ ಚುಕ್ಕೆಗಳು. ಪಾಚಿ ಇರಬೇಕೆಂದು ಸುಮ್ಮನಿದ್ದೆ.

ಪಾಚಿಯಲ್ಲ ಎಂದು ಕಂಡುಹಿಡಿದವರು ನಮ್ಮತ್ತೆ. ಮೂವತ್ತೆರಡು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ರಕ್ತದ ಕಣ ಎಣಿಸಿದವರು. ಪಾರ್ಶ್ವವಾಯು ಬಡಿದು ಬಲಗೈ ಸೋತ ಮೇಲೆ ನಮ್ಮ ಮನೆಗೆ ಬಂದಿದ್ದರು.

"ಇವು ಹರಿದಾಡ್ತಾ ಇವೆ. ಚಪ್ಪಟೆ ಹುಳು. ಒಂದೊಂದಕ್ಕೂ ಹಿಂದೆ ಮೂರು ಬಾಲ ಇದೆ, ನೋಡಿ," ಎಂದರು.

ನಾನು ಕನ್ನಡಕದ ಅಂಗಡಿ ಇಟ್ಟವನು. ಊರವರ ಕಣ್ಣೆಲ್ಲ ಸರಿಮಾಡುವ ನನಗೆ ಭೂತಗನ್ನಡಿ ಹಿಡಿದ ಮೇಲೆಯೇ ಆ ಬಾಲಗಳು ಕಂಡದ್ದು.

ಮೀನಿನಂಗಡಿಯವನು ನನ್ನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡ. ಔಷಧಿ ಏನೋ ಇದೆ, ಆದರೆ ಈಗಲೇ ಹಾಕಿದರೆ ಸಾವಿರಾರು ಹುಳು ಒಟ್ಟಿಗೆ ಸತ್ತು ಅವುಗಳ ಮೈಯ ವಿಷಕ್ಕೆ ಮೀನೂ ಸಾಯುತ್ತದೆ ಎಂದ. ಮೊದಲು ಕೈಯಾರೆ ಹೀರಿ ತೆಗೆಯಬೇಕು. ಸಂಜೆಗೆ ಇಪ್ಪತ್ತಕ್ಕಿಂತ ಕಡಿಮೆ ಸಿಗುವಷ್ಟಾದಾಗ ಔಷಧಿ. ಹಾಗಂತ ದಿನ ಎಳೆಯುತ್ತ ಕೂತರೆ ಹುಳುಗಳು ಹವಳದ ಮೇಲೆ ಹಾಸಿಕೊಂಡು, ಬೆಳಕು ತಪ್ಪಿಸಿ ಅದನ್ನು ಕೊಲ್ಲುತ್ತವಂತೆ. ಇಷ್ಟು ಹೇಳಿ ಪೆನ್ಸಿಲ್‌ಗಿಂತ ಸಪೂರವಾದ, ಮೆತ್ತನೆಯ ಒಂದು ಪಾರದರ್ಶಕ ಪೈಪು ಕೈಗಿಟ್ಟ.

ಅಂದು ಸಂಜೆ ಪೈಪು ಹಿಡಿದ ಐದೇ ನಿಮಿಷಕ್ಕೆ ನನಗೆ ಮೈಯೆಲ್ಲ ಉರಿದುಹೋಯಿತು. ಪೈಪಿನ ತುದಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಂಡಿ ಹಿಡಿಯಬೇಕು. ಹುಳುವಿನ ಮೇಲೆ ತಂದು ಸಡಿಲ ಬಿಟ್ಟರೆ ಅದು ನೀರಿನ ಸೆಳೆತಕ್ಕೆ ಒಳಗೆ ಹೋಗಿ ಕೆಳಗಿನ ಬಕೆಟ್ಟಿಗೆ ಕಟ್ಟಿದ ಬಟ್ಟೆಯ ಮೇಲೆ ಬೀಳುತ್ತದೆ. ತಕ್ಷಣ ಮತ್ತೆ ಹಿಂಡಬೇಕು. ನಾನು ಹುಳುವಿನ ಬದಲು ಮರಳು ಹೀರುತ್ತಿದ್ದೆ. ನೋಡಿ ನೋಡಿ ಸಾಕಾದ ಅತ್ತೆ ಇಲ್ಲಿ ಕೊಡಿ ಎಂದು ಕೈ ಚಾಚಿದರು. ಚಾಚಿದ್ದು ಬಲಗೈ.

ಆ ಕೈಗೆಂದು ವ್ಯಾಯಾಮ ಕಲಿಸುವಾಕೆ ಒಂದು ರಬ್ಬರ್ ಚೆಂಡು ಕೊಟ್ಟು ಹೋಗಿದ್ದಳು. ನಾನೇನು ಎಳೇ ಮಗುವೇ ಎಂದು ಅತ್ತೆ ಅದನ್ನು ದಿಂಬಿನಡಿ ತುರುಕಿದ್ದರು. ಮಗಳು, ಅಂದರೆ ನನ್ನ ಹೆಂಡತಿ, ಜಡೆ ಹಾಕುವಾಗ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದರು. ಕೈ ದಿನವಿಡೀ ಮಡಿಲಲ್ಲಿ, ಯಾರದೋ ಮರೆತುಹೋದ ವಸ್ತುವಿನ ಹಾಗೆ ಬಿದ್ದಿರುತ್ತಿತ್ತು.

ಮೊದಲ ಸಂಜೆ ಹನ್ನೊಂದು ಹುಳು ಹಿಡಿದರು. ಲ್ಯಾಬಿನಿಂದ ನೆನಪಿಗೆಂದು ತಂದಿದ್ದ, ಒತ್ತಿದರೆ ಒಂದೊಂದೇ ಅಂಕಿ ಏರುವ ಪುಟ್ಟ ಯಂತ್ರವನ್ನು ಎಡಗೈಯಲ್ಲಿ ಹಿಡಿದು ಟಿಕ್ಕೆನಿಸುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ಒಂದು ಸಂಜೆಗೆ ಇನ್ನೂರು ದಾಟಿತು. ನನ್ನ ಮದುವೆಯಾದ ಎಂಟು ವರ್ಷದಲ್ಲಿ ಊಟ ಆಯಿತೇ, ಆರೋಗ್ಯವೇ ಎಂಬುದರಾಚೆ ಮಾತಾಡದ ನಾವಿಬ್ಬರು ದಿನವೂ ಆರೂವರೆಗೆ ತೊಟ್ಟಿಯ ಮುಂದೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರತೊಡಗಿದೆವು. ಅವರು ಹಿಡಿಯುವುದು, ನಾನು ಬಕೆಟ್ ಹೊರುವುದು. ಲ್ಯಾಬಿನ ದೊಡ್ಡ ಡಾಕ್ಟರರು ತೂಕಡಿಸುತ್ತಲೇ ಸಹಿ ಹಾಕುತ್ತಿದ್ದ ಕಥೆ ಕೇಳಿ ನಾನು ನಕ್ಕ ರಭಸಕ್ಕೆ ಬಕೆಟ್ಟೇ ಉರುಳಿತ್ತು. ಹದಿನೈದನೇ ದಿನ ಅವರು ಬಲಗೈಯಿಂದಲೇ ಲೋಟ ಎತ್ತಿ ನೀರು ಕುಡಿದದ್ದನ್ನು ನೋಡಿ ನನ್ನ ಹೆಂಡತಿ ಅಡುಗೆಮನೆಗೆ ಹೋಗಿ ಅತ್ತಳು.

ಹುಳುಗಳು ಮಾತ್ರ ಕರಗುತ್ತ ಬಂದವು. ನೂರು, ಅರವತ್ತು, ಮೂವತ್ತೆರಡು. ನನಗೆ ಹೆದರಿಕೆ ಶುರುವಾಯಿತು. ಇನ್ನೆರಡು ದಿನಕ್ಕೆ ಇಪ್ಪತ್ತಕ್ಕೆ ಇಳಿಯುತ್ತದೆ, ಔಷಧಿ ಹಾಕುತ್ತೇವೆ, ಆ ಕೈ ಮತ್ತೆ ಮಡಿಲಿಗೆ ಬೀಳುತ್ತದೆ. ಅದನ್ನು ನೋಡುವ ಧೈರ್ಯ ನನಗಿರಲಿಲ್ಲ. ಹಾಗಾಗಿ ಬಟ್ಟೆಯ ಮೇಲಿನ ಹುಳುಗಳನ್ನು ಬಚ್ಚಲಿಗೆ ಚೆಲ್ಲುವ ಬದಲು ಒಂದು ಬಾಟಲಿಯ ಉಪ್ಪುನೀರಿನಲ್ಲಿಟ್ಟು, ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಕಳ್ಳನಂತೆ ತೊಟ್ಟಿಗೆ ವಾಪಸು ಸುರಿಯತೊಡಗಿದೆ. ಸಂಖ್ಯೆ ಮೂವತ್ತರಲ್ಲೇ ನಿಂತಿತು.

ಈ ಕಳ್ಳಾಟದ ಆರನೇ ದಿನ ಅತ್ತೆ ಒಂದು ಹುಳು ಹೀರಿ, ಪೈಪು ಹಿಂಡಿ ಹಿಡಿದು, ಯಂತ್ರ ಒತ್ತದೆ ಕೂತರು.

"ಇವನಿಗೆ ಬಲಗಡೆ ಬಾಲ ಇಲ್ಲ," ಎಂದರು. "ನನ್ನ ಹಾಗೆ ಒಂದು ಕಡೆ ಬಿದ್ದುಹೋಗಿದೆ. ಮಂಗಳವಾರ ಹಿಡಿದೆ. ಗುರುವಾರ ಹಿಡಿದೆ. ಇವತ್ತು ಮೂರನೇ ಸಲ."

ಕೊಲೆ ಮಾಡಿ ಸಿಕ್ಕಿಬಿದ್ದವನಂತೆ ಬಕೆಟ್ಟನ್ನು ಹಿಂದಕ್ಕೆ ಸರಿಸಿದೆ. ಸುಳ್ಳು ಹೇಳಲು ಹೊರಟು, ಆಗದೆ, ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. ಅವರು ಕೋಪ ಮಾಡಿಕೊಳ್ಳಲಿಲ್ಲ.

"ಗುರುವಾರವೇ ಗೊತ್ತಾಯ್ತು ನನಗೆ. ಸುಮ್ನಿದ್ದೆ. ಮೂವತ್ತೆರಡು ವರ್ಷ ಒಂದೂ ತಪ್ಪು ಲೆಕ್ಕ ಕೊಟ್ಟವಳಲ್ಲ. ಈ ಆರೂವರೆ ತಪ್ಪಿಹೋಗತ್ತಲ್ಲ ಅಂತ ಈಗ ಕೊಟ್ಟೆ." ಬೆರಳಿನಿಂದ ತೊಟ್ಟಿಯ ಮೂಲೆ ತೋರಿಸಿದರು. ಹಸಿರು ಹವಳ ಎರಡು ದಿನದಿಂದ ಅರಳದೆ ಮುದುಡಿ ಕೂತಿತ್ತು. "ಆದ್ರೆ ಅದೇನು ಪಾಪ ಮಾಡಿತ್ತು? ಹೋಗು, ಬಟ್ಟೆ ಬಚ್ಚಲಿಗೆ ಕೊಡವಿ ಬಾ. ನಾಳೆ ಔಷಧಿ ಹಾಕೋಣ."

ಮರುದಿನ ರಜೆ. ಬೆಳಿಗ್ಗೆಯೇ ಡ್ರಮ್ಮಿನಲ್ಲಿ ಹೊಸ ಉಪ್ಪುನೀರು ಕಲಸಿಟ್ಟೆ. ಔಷಧಿ ಮೂವತ್ತಾರು ಹನಿ, ಒಂದು ಹೆಚ್ಚಾಗಬಾರದು. ಅತ್ತೆ ಡ್ರಾಪರನ್ನು ಬಲಗೈಯಲ್ಲೇ ಹಿಡಿದರು. ಇಪ್ಪತ್ತನೇ ಹನಿಗೆ ಕೈ ನಡುಗಿತು. ನಾನು ಮುಂದಾದೆ, ಕಣ್ಣಲ್ಲೇ ತಡೆದರು. ಸ್ವಲ್ಪ ಸುಧಾರಿಸಿಕೊಂಡು ಮೂವತ್ತಾರೂ ಮುಗಿಸಿದರು. ಅರ್ಧ ಗಂಟೆಯಲ್ಲಿ ಅಡಗಿದ್ದ ಹುಳುಗಳೆಲ್ಲ ಕಲ್ಲು ಬಿಟ್ಟು ತಿರುಗುತ್ತ ಮೇಲೆದ್ದವು. ಹೀರಿ ತೆಗೆದೆ, ಉಳಿದ ಔಷಧಿ ಹೀರಲೆಂದು ಫಿಲ್ಟರಿಗೆ ಹೊಸ ಇದ್ದಿಲು ತುಂಬಿದೆ, ಅರ್ಧ ನೀರು ಬದಲಿಸಿದೆ. ಮೀನುಗಳು ಕಲ್ಲಿನ ಹಿಂದೆ ಹೋಗಿ ಸೇರಿಕೊಂಡಿದ್ದವು.

ಆರೂವರೆಗೆ ಇಬ್ಬರೂ ತೊಟ್ಟಿಯ ಮುಂದೆ ಕೂತೆವು. ಎಣಿಕೆಯ ಯಂತ್ರ ಅತ್ತೆಯ ಬಲಗೈಗೆ ಬಂದಿತ್ತು. ಹಳದಿ ಮೀನು ಹೊರಬಂತು. ಅವರ ಹೆಬ್ಬೆರಳು ಗುಂಡಿಯ ಮೇಲೆ ಕೂತು, ಒತ್ತಿ ಬಿಳುಚಿ, ಕೊನೆಗೆ ಟಿಕ್ ಎನಿಸಿತು. ಕಿತ್ತಳೆ ಪಟ್ಟೆಯ ಜೋಡಿಗೆ ಎರಡು. ನೀಲಿಯದಕ್ಕೆ ಒಂದು, ಲೆಕ್ಕ ನಾಲ್ಕಾಯಿತು. ಐದನೆಯದು, ಮರಳಿನಲ್ಲಿ ಬಿಲ ತೋಡಿಕೊಂಡಿರುವ ಪುಕ್ಕಲು ಮೀನು, ಬರಲೇ ಇಲ್ಲ. ಸಾಯಿಸಿಬಿಟ್ಟೆನೇ ಎಂದು ಗಾಜಿಗೆ ಮೂಗು ತಾಗಿಸಿ ಹುಡುಕಿದೆ. ಹವಳದ ತುದಿಗಳು ಒಂದೆರಡು ಅರಳುವಷ್ಟು ಹೊತ್ತು ಕಾದೆವು. ಆಮೇಲೆ ಮರಳು ಕದಲಿ ಎರಡು ಕಣ್ಣು ಕಂಡವು. ಟಿಕ್.

ಅತ್ತೆ ಯಂತ್ರವನ್ನು ಮಡಿಲಲ್ಲಿಟ್ಟು, ನಾಳೆ ಎಷ್ಟು ಹೊತ್ತಿಗೆ ಬರುತ್ತೀ ಎಂದು ಕೇಳಿದರು.

"ಇನ್ನು ಹುಳು ಇಲ್ವಲ್ಲ ಅತ್ತೆ," ಎಂದೆ.

"ಇಲ್ಲ ಅಂತ ವರದಿ ಬರೆಯೋಕೂ ದಿನಾ ನೋಡಲೇಬೇಕು," ಎಂದರು.

ಆರೂವರೆಗೆ ಬರುತ್ತೇನೆ ಎಂದು ಹೇಳಿ ಬಕೆಟ್ ಎತ್ತಿಕೊಂಡೆ.