ಯಾವ ವಾಡಿ?

ವಾಡಿ ಜಂಕ್ಷನ್ನಿನ ಪಾಯಿಂಟ್ಸ್‌ಮನ್ ದೇವಿಂದ್ರಪ್ಪ ಇಪ್ಪತ್ತೆರಡು ವರ್ಷ ಮುಂಬೈ ಮೇಲ್ ಗಾಡಿಗೆ ದಾರಿ ಬಿಟ್ಟುಕೊಟ್ಟವನು. ತಾನು ಮಾತ್ರ ಮುಂಬೈತನಕ ಒಮ್ಮೆಯೂ ಹೋದವನಲ್ಲ. ರೈಲ್ವೆಯವರು ಕೊಡುವ ಪಾಸು ಸೊಲ್ಲಾಪುರದ ಮದುವೆಗೋ, ತುಳಜಾಪುರದ ಅಂಬಾಬಾಯಿಗೋ ತೀರಿಹೋಗುತ್ತಿತ್ತು. ಅರವತ್ತೆಂಟನೇ ಇಸವಿಯ ಸಂಕ್ರಾಂತಿ ಮುಗಿದ ಮೇಲೆ ಅವನಿಗೆ ಏನನ್ನಿಸಿತೋ, "ಈ ಸಲ ಸಮುದ್ರ ನೋಡಿ ಬರೂಣು ನಡಿ" ಅಂದ. ಹೆಂಡತಿ ಮಾಳಮ್ಮ ನಂಬಲಿಲ್ಲ. ಪಾಸು ಕೈಗೆ ಬಂದ ದಿನ ನಂಬಿದಳು, ನಾಲ್ಕು ದಿನಕ್ಕಾಗುವಷ್ಟು ಖಡಕ್ ರೊಟ್ಟಿ ಬಡಿದಳು.

ಕ್ವಾರ್ಟರ್ಸಿನ ಆ ಒಂದೂವರೆ ಖೋಲಿಯಲ್ಲಿ ಇದ್ದವರು ಇಬ್ಬರೇ. ಅವನದು ಪಾಳಿ ಕೆಲಸ. ಬಂದಾಗ ಉಣ್ಣುತ್ತಿದ್ದ, ಉಂಡು ಮಲಗುತ್ತಿದ್ದ, ಎದ್ದು ಹೋಗುತ್ತಿದ್ದ. ಬೈಗುಳ ಇಲ್ಲ, ಬಡಿತ ಇಲ್ಲ, ಮಾತೂ ಇಲ್ಲ. ರೈಲಿನಲ್ಲಾದರೂ ಎದುರುಬದುರು ಕುಂತು ನಾಲ್ಕು ಮಾತಾಡಬಹುದು ಅಂತ ಮಾಳಮ್ಮ ಅಂದುಕೊಂಡಿದ್ದಳು. ಅವನಿಗೆ ಅದೇ ಡಬ್ಬಿಯಲ್ಲಿ ಒಬ್ಬ ಗಾರ್ಡು ಸಿಕ್ಕ. ಸೊಲ್ಲಾಪುರದವರೆಗೆ ಅವರಿಬ್ಬರದೇ ಮಾತು.

ಮರುದಿನ ಟ್ರಂಕನ್ನು ಬೋರಿಬಂದರ ಸ್ಟೇಷನ್ನಿನಲ್ಲಿ ಇಟ್ಟು, ಕೇಳುತ್ತ ಕೇಳುತ್ತ ಸಮುದ್ರದ ದಂಡೆಯ ಗೇಟ್‌ವೇಗೆ ಬಂದರು. ಅವನು ಮುಂದೆ, ಅವಳು ನಾಲ್ಕು ಹೆಜ್ಜೆ ಹಿಂದೆ. ಮದುವೆಯಾದಾಗಿನಿಂದ ಅವರು ನಡೆಯುತ್ತಿದ್ದದ್ದೇ ಹಾಗೆ.

ಮಾಳಮ್ಮನ ತವರು ಮಳಖೇಡ. ಕೋಟೆಗೋಡೆಯ ಮೇಲೆ ನಿಂತು ಕಾಗಿಣಾ ಹೊಳೆ ತುಂಬಿದ್ದು ಎಷ್ಟೋ ಸಲ ನೋಡಿದ್ದಳು. ಅದು ಎಷ್ಟೇ ಉಕ್ಕಲಿ, ಆಚೆ ದಂಡೆಯ ಜಾಲಿಗಿಡ ಕಾಣುತ್ತಿತ್ತು. ಇಲ್ಲಿ ದಂಡೆಗೆ ದೊಡ್ಡ ಕಲ್ಲಿನ ಬಾಗಿಲು ಕಟ್ಟಿದ್ದರು. ಬಾಗಿಲಾಚೆ ಬರೀ ನೀರು. ಊರೂರಿನ ಜನ ಬಣ್ಣಬಣ್ಣದ ಅರಿವೆ ಉಟ್ಟು ಪಾರಿವಾಳಗಳಿಗೆ ಕಾಳು ಚೆಲ್ಲುತ್ತಿದ್ದರು. "ಭಾಳ ಐತಿ ಅಲ್ರಿ ನೀರು" ಅಂದಳು. ದೇವಿಂದ್ರಪ್ಪ ಆಗಲೇ ಲಾಂಚಿನ ಟಿಕೀಟಿನ ಸರದಿಯತ್ತ ಹೊರಟಿದ್ದ. "ನಡಗಡ್ಡಿ ಮ್ಯಾಲೆ ಗುಡ್ಡದಾಗ ದೇವರನ್ನ ಕೆತ್ಯಾರಂತ. ಇಲ್ಲೇ ಕುಂದ್ರು. ಕರದಾಗ ಬಾ."

ಕರೆದ. "ಬಾ, ಲಗೂನ ಬಾ!" ಅಂದವನೇ ನೀರಿನ ಕಡೆಯ ಮೆಟ್ಟಿಲು ಇಳಿದ. ರೊಟ್ಟಿಯ ಚೀಲ, ನೀರಿನ ತಂಬಿಗೆ ಹಿಡಿದು ಮಾಳಮ್ಮ ಹಿಂದೆ ನಡೆದಳು. ನಡುವೆ ಒಂದು ದೊಡ್ಡ ಸಂಸಾರ ಮಕ್ಕಳುಮರಿ ಸಮೇತ ನುಗ್ಗಿತು. ಮೆಟ್ಟಿಲ ಮೇಲೆ ಪಾಚಿ ಬೇರೆ. ಅವಳು ಸೀರೆ ಎತ್ತಿಕಟ್ಟಿ ಕಾಲೂರುವಷ್ಟರಲ್ಲಿ ಲಾಂಚಿನವನು ಕೈ ಅಡ್ಡ ಹಿಡಿದ, ಹಲಗೆ ಎಳೆದುಕೊಂಡ. ದೇವಿಂದ್ರಪ್ಪ ಮುಂದಿನ ತುದಿಯಲ್ಲಿ ಸಮುದ್ರಕ್ಕೆ ಮುಖ ಮಾಡಿ ಕುಂತಿದ್ದ.

"ರೀ! ಏ, ರೀ!" ಅಂತ ಒದರಿದಳು. ಗಂಡನ ಹೆಸರು ಹಿಡಿದು ಕರೆದು ಗೊತ್ತಿರಲಿಲ್ಲ. ಅಷ್ಟು ಗದ್ದಲದಲ್ಲಿ ರೀ ಅಂದರೆ ಯಾರು ತಿರುಗಿಯಾರು? ಅವನು ತಿರುಗಲಿಲ್ಲ. ಲಾಂಚು ಸಣ್ಣದಾಯಿತು, ಆಮೇಲೆ ಉಳಿದ ಲಾಂಚುಗಳ ನಡುವೆ ಯಾವುದೆಂದು ತಿಳಿಯದಾಯಿತು.

ಈಗ ತಿರುಗ್ಯಾನು, ಈಗ ತಿರುಗಿಸ್ಯಾನು ಅಂತ ಅವಳು ದಂಡೆಯ ಕಟ್ಟೆಯ ಮೇಲೆ ಕುಂತಳು. ಪಾಸು ಅವನ ಕಿಸೆಯಲ್ಲಿ, ಟ್ರಂಕಿನ ಚೀಟಿ ಅವನ ಕಿಸೆಯಲ್ಲಿ. ಅವಳ ಸೆರಗಿನ ಗಂಟಿನಲ್ಲಿ ಎಲಿಅಡಿಕೆಯಷ್ಟೇ. ಡಬ್ಬಿ ಕ್ಯಾಮೆರಾದ ಫೋಟೋದವನು ಎರಡು ಸಲ ಬಂದು ಕೇಳಿದ, ಮೂರನೇ ಸಲ ಕೇಳದೆ ದಾಟಿಹೋದ. ಬಿಳಿಯ ಹೆಂಗಸೊಬ್ಬಳು ಇವಳ ಪಕ್ಕದಲ್ಲೇ ನಿಂತು, ನಕ್ಕು, ತನ್ನವರಿಂದ ಫೋಟೋ ತೆಗೆಸಿಕೊಂಡು ಹೋದಳು. ಹೊಟ್ಟೆ ಹಸಿಯಿತು. ಅವನು ಉಂಡಿಲ್ಲವಲ್ಲ ಅಂತ ಚೀಲ ಬಿಚ್ಚಲಿಲ್ಲ. ಬಂದಾಗ ಕಾಣುತ್ತಿದ್ದ ಮೂರು ಮೆಟ್ಟಿಲು ನೀರೊಳಗೆ ಮುಳುಗಿದವು. ಇಷ್ಟು ಮಂದಿಯೊಳಗೆ ತಾನು ಸತ್ತು ಬಿದ್ದರೆ ಯಾರ ಪೈಕಿ ಅಂತ ಹೇಳುವವರೂ ಇಲ್ಲ ಅನ್ನಿಸಿತು. ಆದರೆ ಅಳು ಬರಲಿಲ್ಲ.

ಹಳದಿ ಟೋಪಿಯ ಹವಾಲ್ದಾರನೊಬ್ಬ ಎರಡು ಸುತ್ತು ಬಂದವನು ನಿಂತು ಹಿಂದಿಯಲ್ಲಿ ವಿಚಾರಿಸಿದ. ನೆರೆಮನೆಯ ಹಮೀದಾಬಿಯಿಂದ ಕಲಿತ ಅರೆಬರೆ ಉರ್ದುವಿನಲ್ಲಿ ಮಾಳಮ್ಮ ಹೇಳಿದಳು: ಗಂಡ ಲಾಂಚು ಹತ್ತಿ ಹೋದ, ನಾನು ಉಳಿದೆ.

"ಮನೆ ಎಲ್ಲಿ?"

"ವಾಡಿ."

"ಯಾವ ವಾಡಿ? ಫಣಸವಾಡಿಯೋ? ಖೋತಾಚಿ ವಾಡಿಯೋ?"

"ವಾಡಿರೀ. ವಾಡಿ ಜಂಕ್ಷನ್."

"ಅಯ್ಯ ತಾಯಿ, ಈ ಊರಾಗ ಓಣಿಗೊಂದು ವಾಡಿ ಐತಿ. ನಿಂದು ಯಾವುದು?"

ನಾಲ್ಕೂ ಕಡೆಯ ರೈಲು ಬಂದು ನಿಲ್ಲುವ, ಇಡೀ ಲೋಕಕ್ಕೆ ಗೊತ್ತಿದೆ ಎಂದು ಮಾಳಮ್ಮ ಅಂದುಕೊಂಡಿದ್ದ ತನ್ನೂರು ಇಲ್ಲಿ ಯಾರದೋ ಓಣಿಯಾಗಿತ್ತು. "ಗುಲಬರ್ಗಾ ಕಡೆ" ಅಂದಳು. ಅವನು ತಲೆಯಾಡಿಸಿದ, ತಿಳಿಯಿತೋ ಇಲ್ಲವೋ.

"ಗಂಡನ ಹೆಸರು?"

ಅವಳು ನೀರು ನೋಡಿದಳು. ಮದುವೆಯ ದಿನ ಒಡಪು ಕಟ್ಟಿ ಹೇಳಿದ ಮೇಲೆ ಆ ಹೆಸರು ಅವಳ ಬಾಯಿಂದ ಹೊರಟೇ ಇರಲಿಲ್ಲ. "ದೇವಿಂದ್ರಪ್ಪ" ಅಂದಳು. ನಾಲಿಗೆ ಕಚ್ಚಿಕೊಳ್ಳಲಿಲ್ಲ. ಯಾರೋ ದೂರದವನ ಹೆಸರು ಹೇಳಿದ ಹಾಗಿತ್ತು.

"ಬರ್ತಾನ. ಹೋದ ಲಾಂಚೆಲ್ಲ ಇಲ್ಲಿಗೇ ಬರ್ತಾವ" ಅಂತ ಹವಾಲ್ದಾರ ಸಮಾಧಾನ ಹೇಳಿ ತನ್ನ ಸುತ್ತಿಗೆ ಹೋದ.

ಬಿಸಿಲು ಬಾಗಿದ ಮೇಲೆ ದೇವಿಂದ್ರಪ್ಪ ಬಂದ. ಮೆಟ್ಟಿಲು ಹತ್ತುತ್ತಲೇ ಇವಳನ್ನು ಕಂಡು ಅವನ ಮುಖ ಸಡಿಲಾಯಿತು. "ಇಲ್ಲೇ ಇದ್ದಿ ಬಿಡು! ನಂಗ ಗೊತ್ತಿತ್ತು, ಎಲ್ಲಿ ಹೋಗ್ತಿ ನೀ" ಅಂತ ನಕ್ಕ. ಕುಂತವನೇ ಶುರುಮಾಡಿದ. "ಏನ್ ಕೆತ್ಯಾರ ಅಂತಿ! ಒಂದ ಬಂಡಿಗಲ್ಲು, ಅದರಾಗ ಮೂರು ಮುಖ. ಒಂದೊಂದು ಮುಖ ನಮ್ಮ ಖೋಲಿಯಷ್ಟು. ಕಣ್ಣು ಮುಚ್ಚ್ಯಾನ ದೇವರು..."

"ನಾ ಇಲ್ಲಂತ ಯಾವಾಗ ನೋಡಿದ್ರಿ?" ಅಂತ ಮಾಳಮ್ಮ ಕೇಳಿದಳು.

"ಗುಡ್ಡ ಹತ್ತಿದಮ್ಯಾಲೆ ನೀರಡಿಕಿ ಆತು. ತಂಬಿಗಿ ಇಸ್ಕೋಬೇಕಂತ ಕೈ ಹಿಂದ ಮಾಡಿದೆ. ಆಗ..."

"ಲಾಂಚಿನ್ಯಾಗ ತಾಸು ಕುಂತಿದ್ರಲ್ಲ?"

"ಹೆಣ್ಣುಮಕ್ಕಳೊಳಗ ಕುಂತಿರಬೇಕು ಅಂದ್ಕೊಂಡೆ. ಕೆಳಗ ಓಡಿ ಬಂದೆ, ಲಾಂಚು ಹೊಂಟುಹೋಗಿತ್ತು. ಇನ್ನ ಬಂದದ್ದರ ಬಂದೀನಲ್ಲ, ನೋಡೇ ಹೋಗೂಣು ಅಂತ..."

ಅವನು ಸುಳ್ಳು ಹೇಳಿರಲಿಲ್ಲ. ಸುಳ್ಳಾದರೂ ಹೇಳಬಾರದಿತ್ತೇ ಅಂತ ಅವಳಿಗೆ ಅನ್ನಿಸಿತು. ಚೀಲ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ ಹಾಕಿಕೊಟ್ಟಳು. ತಂಬಿಗೆಯ ನೀರು ಬಿಸಿಲಿಗೆ ಬೆಚ್ಚಗಾಗಿತ್ತು. ಅವನು ಗಟಗಟ ಕುಡಿದ. ಅವಳೂ ಒಂದು ರೊಟ್ಟಿ ಮುರಿದಳು, ಅರ್ಧ ಉಳಿಯಿತು.

ವಾಡಿಗೆ ಬಂದ ಎರಡನೇ ದಿನ ಸಂಜೆ ಕ್ವಾರ್ಟರ್ಸಿನ ನಳದ ಕಟ್ಟೆಯ ಹತ್ತಿರ ದೇವಿಂದ್ರಪ್ಪ ನಾಲ್ಕು ಮಂದಿಗೆ ಕಥೆ ಹೇಳುತ್ತಿದ್ದ. ನಾವು ಲಾಂಚು ಹತ್ತಿದೆವು, ನಾವು ಗುಡ್ಡ ಏರಿದೆವು. ಕೊಡ ಹಿಡಿದು ನಿಂತಿದ್ದ ಹಮೀದಾಬಿ ಮಾಳಮ್ಮನ ಕಡೆ ತಿರುಗಿ, "ಅಕ್ಕಾ, ಅಷ್ಟು ದೊಡ್ಡ ಮುಖ ನೋಡಿ ನಿಂಗ ಹೆದರಿಕಿ ಬರಲಿಲ್ಲೇನು?" ಅಂದಳು.

"ನಾ ನೋಡಿಲ್ಲ. ನಾ ದಂಡ್ಯಾಗ ಕುಂತಿದ್ದೆ."

"ಗದ್ದಲದಾಗ ಆಕಿಗೆ ಹತ್ತಾಕ ಆಗಲಿಲ್ಲ" ಅಂತ ದೇವಿಂದ್ರಪ್ಪ ಹೇಳಿ, ಕಂಬಗಳು ಎಷ್ಟಿದ್ದವು ಎಂಬಲ್ಲಿಂದ ಮುಂದುವರಿಸಿದ. ಹಮೀದಾಬಿ ಅವನ ಮಾತು ಕೇಳಲಿಲ್ಲ. ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದಳು. "ಇಡೀ ದಿನಾ? ಒಬ್ಬಾಕಿನಾ? ಮತ್ತ ದಂಡ್ಯಾಗ ಏನು ನೋಡಿದಿ?"

ಹೇಳಬೇಕೆಂದು ಮಾಳಮ್ಮ ಬಾಯಿ ತೆರೆದಳು. ಮುಳುಗಿದ ಮೆಟ್ಟಿಲು, ಫೋಟೋದವನು, ಹಳದಿ ಟೋಪಿ ಒಂದಾದಮೇಲೊಂದು ಕಣ್ಣಮುಂದೆ ಬಂದವು. ಬಂದವು ಬಂದ ಹಾಗೆಯೇ ಸಣ್ಣವಾಗಿ ಹೋದವು.

"ನೀರಿತ್ತವಾ. ಭಾಳ ಮಂದಿ ಇದ್ರು" ಅಂದಳು.

ಹಮೀದಾಬಿ ಇನ್ನೇನೋ ಬಂದೀತೆಂದು ಕಾದಳು. ಅಷ್ಟರಲ್ಲಿ ನಳ ಗೊರಗೊರ ಅಂತು. ಎಲ್ಲರೂ ಕೊಡ ಎತ್ತಿಕೊಂಡು ಪಾಳಿಗೆ ನಿಂತರು.